ಬ್ಲೂಬೆರಿ ಸ್ಮೂದಿ: ಬಣ್ಣ, ಹದ, ರುಚಿ ಮೂರೂ ಕೂಡಿಬರುವ ಹಾಗೆ ಮನೆಯಲ್ಲೇ ಮಾಡುವ ಕ್ರಮ

ಒಂದು ತಾಜಾ ಬ್ಲೂಬೆರಿ ತಗೊಂಡು ಚಾಕುವಿನಿಂದ ಎರಡು ಹೋಳು ಮಾಡಿ ನೋಡಿ. ಹೊರಗೆಲ್ಲ ಕಡುನೀಲಿ. ಒಳಗೆ ಮಾತ್ರ ತಿಳಿಹಸಿರು ಬೆರೆತ ಬಿಳಿ, ಹಸಿರು ದ್ರಾಕ್ಷಿಯ ತಿರುಳಿನ ಹಾಗೆ. ಮೊದಲ ಸಲ ಇದನ್ನು ಗಮನಿಸಿದಾಗ ನನಗೆ ಆಶ್ಚರ್ಯವಾಗಿತ್ತು. ಇಷ್ಟು ಗಾಢ ಬಣ್ಣದ ಹಣ್ಣಿನ ತಿರುಳಿನಲ್ಲಿ ಬಣ್ಣವೇ ಇಲ್ಲ! ಬಣ್ಣವೆಲ್ಲ ಇರುವುದು ಆ ತೆಳು ಸಿಪ್ಪೆಯಲ್ಲಿ. ನಾಲಿಗೆಗೆ ತಾಗುವ ಸಣ್ಣ ಒಗರು ಕೂಡ ಅಲ್ಲಿಂದಲೇ ಬರುತ್ತದೆ.

ಬ್ಲೂಬೆರಿ ಸ್ಮೂದಿಯ ಗುಟ್ಟು ಇರುವುದೂ ಈ ಸಿಪ್ಪೆಯಲ್ಲೇ. ಸಿಪ್ಪೆ ಪೂರ್ತಿ ಒಡೆದು ಹಾಲು, ಮೊಸರಿನಲ್ಲಿ ಬೆರೆತರೆ ಒಳ್ಳೆಯ ನೇರಳೆ ಬಣ್ಣ ಬರುತ್ತದೆ, ಹಣ್ಣಿನ ರುಚಿ ಬಾಯಿ ತುಂಬಾ ಸಿಗುತ್ತದೆ. ಒಡೆಯದಿದ್ದರೆ ಬೂದು ಬಣ್ಣದ ಹಾಲಿನಲ್ಲಿ ನೀಲಿ ಚೂರುಗಳು ತೇಲುತ್ತಿರುತ್ತವೆ, ಕುಡಿದ ಮೇಲೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ನಾನು ಶುರುವಿನಲ್ಲಿ ಮಾಡುತ್ತಿದ್ದುದು ಹೀಗೇ: ತಾಜಾ ಹಣ್ಣು, ಹಾಲು, ಸಕ್ಕರೆ, ತಂಪಿಗೆ ಅಂತ ಒಂದು ಹಿಡಿ ಐಸ್. ಎಲ್ಲ ಒಟ್ಟಿಗೆ ಹಾಕಿ ತಿರುಗಿಸಿದರೆ ಆಯ್ತು ಅಂದುಕೊಂಡಿದ್ದೆ. ಐದು ನಿಮಿಷದಲ್ಲಿ ಮೇಲೆ ನೊರೆ, ಕೆಳಗೆ ನೀರು. ಆಮೇಲೆ ಒಂದೊಂದೇ ಬದಲಾಯಿಸುತ್ತಾ ಹೋದೆ. ಈಗ ಪ್ರತಿ ಸಲವೂ ಚೆನ್ನಾಗಿ ಬರುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಣ್ಣು: ತಾಜಾ ಒಳ್ಳೆಯದಾ, ಫ್ರೋಜನ್ ಒಳ್ಳೆಯದಾ?

ಸುಮ್ನೆ ಬಾಯಿಗೆ ಹಾಕಿಕೊಂಡು ತಿನ್ನಲು ತಾಜಾ. ಸ್ಮೂದಿಗೆ ಫ್ರೋಜನ್. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಕಾರಣ ಹೇಳುತ್ತೇನೆ. ಬ್ಲೂಬೆರಿಯಲ್ಲಿ ನೂರಕ್ಕೆ ಸುಮಾರು 84 ಭಾಗ ನೀರೇ. ಹಣ್ಣು ಹೆಪ್ಪುಗಟ್ಟುವಾಗ ಆ ನೀರು ಸಣ್ಣ ಸಣ್ಣ ಐಸ್ ಹರಳುಗಳಾಗುತ್ತದೆ. ಹರಳುಗಳು ಒಳಗಿನ ಕೋಶಗಳನ್ನು ಚುಚ್ಚಿ ಹರಿಯುತ್ತವೆ. ಫ್ರೀಜರ್‌ನಿಂದ ತೆಗೆದ ಹಣ್ಣು ಕರಗಿದ ಮೇಲೆ ಮೆತ್ತಗಾಗಿ ರಸ ಬಿಡುವುದು ಇದಕ್ಕೇ. ತಿನ್ನುವವರಿಗೆ ಅದು ತೊಂದರೆ, ಸ್ಮೂದಿ ಮಾಡುವವರಿಗೆ ಅನುಕೂಲ. ಬ್ಲೇಡ್ ಮಾಡಬೇಕಾದ ಅರ್ಧ ಕೆಲಸವನ್ನು ಫ್ರೀಜರ್ ಮೊದಲೇ ಮಾಡಿ ಇಟ್ಟಿರುತ್ತದೆ. ಬಣ್ಣ ಸಲೀಸಾಗಿ ಬಿಡುತ್ತದೆ. ಜೊತೆಗೆ ಹಣ್ಣೇ ಐಸ್ ಆಗಿರುವುದರಿಂದ ಬೇರೆ ಐಸ್ ಹಾಕಬೇಕಿಲ್ಲ. ಐಸ್ ಹಾಕಿದ ಸ್ಮೂದಿ ಕರಗಿದಾಗ ನೀರಾಗುತ್ತದೆ. ಹೆಪ್ಪುಗಟ್ಟಿದ ಹಣ್ಣಿನ ಸ್ಮೂದಿ ಕರಗಿದಾಗ ಹಣ್ಣಿನ ರಸವಾಗುತ್ತದೆ.

ಫ್ರೋಜನ್ ಪ್ಯಾಕೆಟ್ ಕೊಳ್ಳುವಾಗ ಹೊರಗಿನಿಂದ ಒಮ್ಮೆ ಮುಟ್ಟಿ ನೋಡಿ. ಒಳಗೆ ಗೋಲಿಗಳ ಹಾಗೆ ಒಂದೊಂದೇ ಹಣ್ಣು ಉರುಳಬೇಕು. ಇಡೀ ಪ್ಯಾಕೆಟ್ ಇಟ್ಟಿಗೆಯ ಹಾಗೆ ಒಂದೇ ಗಟ್ಟಿಯಾಗಿದ್ದರೆ, ದಾರಿಯಲ್ಲಿ ಎಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿದೆ ಅಂತ ಅರ್ಥ. ಅದನ್ನು ಬಿಟ್ಟುಬಿಡಿ. ಹಿಂಬದಿಯಲ್ಲಿ ಬರೆದಿರುವುದನ್ನೂ ಓದಿ, ಅಲ್ಲಿ ಬ್ಲೂಬೆರಿ ಬಿಟ್ಟು ಬೇರೇನೂ ಇರಬಾರದು. ಸಕ್ಕರೆ ಸೇರಿಸಿದ ಪ್ಯಾಕೆಟ್ ಬೇಡ.

ಪ್ಯಾಕೆಟ್ ಮೇಲೆ 'ವೈಲ್ಡ್' ಅಂತ ಇದ್ದರೆ ಅದು ಬೇರೆ ಜಾತಿ. ಉತ್ತರ ಅಮೆರಿಕದಲ್ಲಿ ನೆಲಕ್ಕೆ ಹತ್ತಿಕೊಂಡು ಬೆಳೆಯುವ ಕುಳ್ಳ ಪೊದೆಗಳ ಹಣ್ಣು, ಬಟಾಣಿಗಿಂತ ಚಿಕ್ಕದು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ದಪ್ಪ ಹಣ್ಣು ಎತ್ತರದ ಪೊದೆಯದು. ಅದನ್ನು ತೋಟದ ಬೆಳೆಯಾಗಿ ಪಳಗಿಸಿದ್ದು ತೀರಾ ಇತ್ತೀಚೆಗೆ ಅಂದರೆ ನಂಬುವುದು ಕಷ್ಟ. ನ್ಯೂಜೆರ್ಸಿಯ ವೈಟ್ಸ್‌ಬಾಗ್‌ನಲ್ಲಿ ಎಲಿಜಬೆತ್ ವೈಟ್ ಎಂಬ ಹೆಣ್ಣುಮಗಳು ಕಾಡಿನಲ್ಲಿ ದಪ್ಪ ಹಣ್ಣು ಬಿಡುವ ಗಿಡಗಳನ್ನು ಸುತ್ತಲಿನ ಜನರಿಂದ ಹುಡುಕಿಸಿದರು. ಫ್ರೆಡರಿಕ್ ಕೋವಿಲ್ ಎಂಬ ಸಸ್ಯವಿಜ್ಞಾನಿ ಅವುಗಳನ್ನು ಒಂದಕ್ಕೊಂದು ಕೂಡಿಸಿ ತಳಿ ಬೆಳೆಸಿದರು. ಅವರ ಮೊದಲ ಬೆಳೆ ಮಾರಾಟಕ್ಕೆ ಬಂದದ್ದು 1916ರಲ್ಲಿ. ಅಡುಗೆಮನೆಗೆ ಬೇಕಾದ ಲೆಕ್ಕ ಇಷ್ಟೇ: ಹಣ್ಣು ಚಿಕ್ಕದಾದಷ್ಟೂ ಅದೇ ತೂಕಕ್ಕೆ ಸಿಪ್ಪೆ ಜಾಸ್ತಿ. ಹಾಗಾಗಿ ವೈಲ್ಡ್ ಹಣ್ಣಿನ ಸ್ಮೂದಿಗೆ ಬಣ್ಣ ಗಾಢ, ಒಗರೂ ಸ್ವಲ್ಪ ಹೆಚ್ಚು. ಸಿಕ್ಕರೆ ಎರಡನ್ನೂ ಅರ್ಧರ್ಧ ಹಾಕಿ, ಚೆನ್ನಾಗಿರುತ್ತದೆ.

ತಾಜಾ ಹಣ್ಣು ಸಿಕ್ಕಿದಾಗ ನೀವೇ ಫ್ರೀಜ್ ಮಾಡಿ

ತಾಜಾ ಬ್ಲೂಬೆರಿಯ ಮೇಲೆ ಬೂದಿ ಸವರಿದ ಹಾಗೆ ಒಂದು ಬಿಳಿ ಪದರ ಇರುತ್ತದೆ, ಬೆರಳಿನಿಂದ ಉಜ್ಜಿದರೆ ಹೋಗುತ್ತದೆ. ಕೆಲವರು ಅದನ್ನು ಔಷಧಿಯ ಪುಡಿ ಅಂದುಕೊಳ್ಳುತ್ತಾರೆ. ಅಲ್ಲ. ಅದು ಹಣ್ಣು ತಾನೇ ಮಾಡಿಕೊಂಡ ಮೇಣದ ಹೊದಿಕೆ. ಅದು ಇದ್ದರೆ ಹಣ್ಣು ಬೇಗ ಬಾಡುವುದಿಲ್ಲ. ಅದಕ್ಕೇ ತಂದ ತಕ್ಷಣ ತೊಳೆದು ಫ್ರಿಜ್‌ನಲ್ಲಿ ಇಡಬೇಡಿ. ಮೇಣ ಹೋಗಿ ತೇವ ಉಳಿದರೆ ಬೂಸ್ಟು ಬೇಗ ಬರುತ್ತದೆ. ಬಳಸುವ ಮುಂಚೆ ತೊಳೆದರೆ ಸಾಕು.

ಫ್ರೀಜರ್‌ಗೆ ಹಾಕುವುದಾದರೆ ಮೊದಲು ಆರಿಸಿ. ಮೆತ್ತಗಾದದ್ದು, ಸುಕ್ಕಾದದ್ದು, ತೊಟ್ಟಿನ ಹತ್ತಿರ ಕೆಂಪಗೆ ಉಳಿದದ್ದು ತೆಗೆಯಿರಿ. ಕೆಂಪಗಿರುವುದು ಪೂರ್ತಿ ಹಣ್ಣಾಗಿಲ್ಲ, ಕಿತ್ತ ಮೇಲೆ ಅದಕ್ಕೆ ಸಿಹಿ ಬರುವುದಿಲ್ಲ. ತಣ್ಣೀರಿನಲ್ಲಿ ಬೇಗ ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಈ 'ಪೂರ್ತಿ' ಅನ್ನುವುದು ಮುಖ್ಯ. ಒಂದು ಹನಿ ನೀರು ಉಳಿದರೂ ಹಣ್ಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಅಗಲ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರ್‌ನಲ್ಲಿಡಿ. ನಾಲ್ಕೈದು ಗಂಟೆಯಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತವೆ. ಆಗ ಜಿಪ್ ಇರುವ ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು, ತಾರೀಕು ಬರೆದು ಇಡಿ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಿಂಗಳುಗಟ್ಟಲೆ ಚೆನ್ನಾಗಿರುತ್ತವೆ. ಎಷ್ಟು ಬೇಕೋ ಅಷ್ಟನ್ನೇ ಹಿಡಿಯಲ್ಲಿ ತೆಗೆದು ಬಳಸಬಹುದು.

ಎರಡು ದೊಡ್ಡ ಲೋಟಕ್ಕೆ ಅಳತೆ

- ಹೆಪ್ಪುಗಟ್ಟಿದ ಬ್ಲೂಬೆರಿ: ಒಂದೂವರೆ ಕಪ್ (ಸುಮಾರು 215 ಗ್ರಾಂ)
- ಗಟ್ಟಿ ಮೊಸರು: ಮುಕ್ಕಾಲು ಕಪ್ (ಸುಮಾರು 180 ಗ್ರಾಂ)
- ತಣ್ಣನೆಯ ಹಾಲು: ಅರ್ಧ ಕಪ್ (120 ಮಿ.ಲೀ.)
- ಓಟ್ಸ್: ಎರಡು ದೊಡ್ಡ ಚಮಚ
- ನಿಂಬೆರಸ: ಒಂದು ಚಿಕ್ಕ ಚಮಚ
- ಜೇನುತುಪ್ಪ: ಒಂದರಿಂದ ಎರಡು ಚಿಕ್ಕ ಚಮಚ, ಅಥವಾ ಬೀಜ ತೆಗೆದ ಮೆತ್ತನೆಯ ಎರಡು ಖರ್ಜೂರ
- ಉಪ್ಪು: ಎರಡು ಬೆರಳಲ್ಲಿ ಹಿಡಿದಷ್ಟು
- ವೆನಿಲಾ ಎಸೆನ್ಸ್: ಕಾಲು ಚಿಕ್ಕ ಚಮಚ, ಇದ್ದರೆ

ಮೊಸರು ಹುಳಿಯಾಗಿರಬಾರದು. ನೀರು ಜಾಸ್ತಿ ಇದ್ದರೆ ತೆಳು ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ಇಳಿಬಿಡಿ. ಬರೀ ಹಾಲಿನಲ್ಲೇ ಮಾಡಬಾರದಾ ಅಂತ ಕೇಳಬಹುದು. ಮಾಡಬಹುದು, ಆದರೆ ಬ್ಲೂಬೆರಿ ಹುಳಿ ಹಣ್ಣು, ಅದರ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) ಮೂರರ ಆಸುಪಾಸು. ಹಾಲಿನ ಜೊತೆ ಸೇರಿ ಸ್ವಲ್ಪ ಹೊತ್ತು ನಿಂತರೆ ಹಾಲು ಅಲ್ಲಲ್ಲಿ ಒಡೆದು ಸಣ್ಣ ತರಿ ಕಾಣಿಸಿಕೊಳ್ಳುತ್ತದೆ. ಕುಡಿದರೆ ಏನೂ ಆಗುವುದಿಲ್ಲ, ನೋಡಲು ಮಾತ್ರ ಚಂದವಿರುವುದಿಲ್ಲ. ಮೊಸರು ಮೊದಲೇ ಹೆಪ್ಪಾಗಿರುವುದರಿಂದ ಅದಕ್ಕೆ ಈ ತೊಂದರೆ ಇಲ್ಲ. ಮಂದವಾದ ಹದವೂ ಅದರಿಂದಲೇ ಬರುತ್ತದೆ.

ಉಪ್ಪು, ನಿಂಬೆರಸ ಎರಡನ್ನೂ ದಯವಿಟ್ಟು ಬಿಡಬೇಡಿ. ಬ್ಲೂಬೆರಿಯ ಪರಿಮಳ ತುಂಬಾ ಸೌಮ್ಯ. ಮಾವಿನ ಹಾಗೆ ಮನೆಯೆಲ್ಲ ಹರಡುವಂಥದ್ದಲ್ಲ. ಮೇಲಾಗಿ ತಣ್ಣಗಿರುವ ಪದಾರ್ಥದಲ್ಲಿ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಹಾಗಾಗಿಯೇ ಎಷ್ಟೋ ಸಲ ಬ್ಲೂಬೆರಿ ಸ್ಮೂದಿ ಸಪ್ಪೆ ಅನ್ನಿಸುವುದು. ಜನ ಆಗ ಸಕ್ಕರೆ ಸುರಿಯುತ್ತಾರೆ. ಸಪ್ಪೆಗೆ ಮದ್ದು ಸಕ್ಕರೆ ಅಲ್ಲ, ಹುಳಿ ಮತ್ತು ಉಪ್ಪು. ಒಂದು ಸಲ ಎರಡು ಲೋಟಕ್ಕೆ ಬೇರೆ ಬೇರೆ ಮಾಡಿ, ಒಂದಕ್ಕೆ ಮಾತ್ರ ನಿಂಬೆ, ಉಪ್ಪು ಹಾಕಿ ಕುಡಿದು ನೋಡಿ. ವ್ಯತ್ಯಾಸ ಮೊದಲ ಗುಟುಕಿಗೇ ಗೊತ್ತಾಗುತ್ತದೆ.

ಮಾಡುವ ಕ್ರಮ

1. ಓಟ್ಸ್ ಅನ್ನು ಅಳತೆಯ ಹಾಲಿನಲ್ಲೇ ಹತ್ತು ನಿಮಿಷ ನೆನೆಸಿ, ಫ್ರಿಜ್‌ನಲ್ಲೇ ಇಡಿ. ನೆನೆಯದ ಓಟ್ಸ್ ಎಷ್ಟು ತಿರುಗಿಸಿದರೂ ಹಿಟ್ಟುಹಿಟ್ಟಾಗಿ ಬಾಯಿಗೆ ಸಿಗುತ್ತದೆ. ಖರ್ಜೂರ ಹಾಕುವುದಾದರೆ ಅದನ್ನೂ ಇದರಲ್ಲೇ ನೆನೆಸಿ.

2. ಲೋಟಗಳನ್ನು ಫ್ರೀಜರ್‌ನಲ್ಲಿಡಿ. ಸಣ್ಣ ಕೆಲಸ, ಆದರೆ ಸ್ಮೂದಿ ಕೊನೆಯ ಗುಟುಕಿನ ತನಕ ಮಂದವಾಗಿ ಉಳಿಯುತ್ತದೆ.

3. ಬ್ಲೂಬೆರಿಯನ್ನು ಫ್ರೀಜರ್‌ನಿಂದ ತೆಗೆಯಿರಿ. ಜೋರಾದ ಬ್ಲೆಂಡರ್ ಇದ್ದರೆ ಹಾಗೇ ನೇರವಾಗಿ ಹಾಕಬಹುದು. ಮಾಮೂಲಿ ಮಿಕ್ಸಿಯಾದರೆ ಐದು ನಿಮಿಷ ಹೊರಗೆ ಬಿಡಿ. ಬೆರಳಲ್ಲಿ ಒತ್ತಿದಾಗ ಮೇಲ್ಮೈ ಸ್ವಲ್ಪ ಬಗ್ಗಬೇಕು, ಒಳಗೆ ಇನ್ನೂ ಗಟ್ಟಿ ಇರಬೇಕು. ಸಿಪ್ಪೆಯ ಮೇಲೆ ಬಿಳಿ ಮಂಜು ಕಟ್ಟಿ, ಅದು ನಿಧಾನಕ್ಕೆ ಕರಗಿ ಕಡುನೀಲಿ ಹೊಳಪು ಬರುವುದು ಕಾಣಿಸುತ್ತದೆ. ಅದೇ ಸರಿಯಾದ ಹೊತ್ತು.

4. ಇಲ್ಲಿಂದ ಮಿಕ್ಸಿಗೂ ಬ್ಲೆಂಡರ್‌ಗೂ ದಾರಿ ಬೇರೆ. ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಎತ್ತರದ ಜಾರ್ ಇರುವ ಬ್ಲೆಂಡರ್‌ನಲ್ಲಿ ದ್ರವ ಮೊದಲು. ಅಂದರೆ ಕೆಳಗೆ ಹಾಲು ಮತ್ತು ಓಟ್ಸ್, ಅದರ ಮೇಲೆ ಮೊಸರು, ಜೇನು, ನಿಂಬೆರಸ, ಉಪ್ಪು, ಎಲ್ಲಕ್ಕಿಂತ ಮೇಲೆ ಹಣ್ಣು. ಬ್ಲೇಡ್ ಸುತ್ತ ದ್ರವ ಇದ್ದರೆ ತಿರುಗುವಾಗ ನಡುವೆ ಸುಳಿ ಏಳುತ್ತದೆ. ಆ ಸುಳಿ ಮೇಲಿನ ಹಣ್ಣನ್ನು ಒಂದೊಂದಾಗಿ ಕೆಳಗೆ ಎಳೆದುಕೊಳ್ಳುತ್ತದೆ. ಹಣ್ಣನ್ನೇ ಮೊದಲು ಹಾಕಿದರೆ ಬ್ಲೇಡ್ ಸುತ್ತ ಗಾಳಿಯ ಗುಳ್ಳೆ ಉಳಿದು, ಮೋಟಾರ್ ಕಿರುಚುತ್ತಾ ಸುಮ್ಮನೆ ತಿರುಗುತ್ತದೆ. ಮೇಲಿನ ಹಣ್ಣು ಅಲ್ಲಾಡುವುದೇ ಇಲ್ಲ. ಅಂಥ ಹೊತ್ತಲ್ಲಿ ಇನ್ನೂ ಹಾಲು ಸುರಿಯಬೇಡಿ. ನಿಲ್ಲಿಸಿ, ಚಮಚದಿಂದ ಒಮ್ಮೆ ಕೆದಕಿ, ಮತ್ತೆ ಶುರು ಮಾಡಿ.

ಮಿಕ್ಸಿ ಜಾರ್ ಚಿಕ್ಕದು, ಬ್ಲೇಡ್ ತಳಕ್ಕೆ ಹತ್ತಿರ. ಅದು ಕಡಿಮೆ ದ್ರವದಲ್ಲಿ ರುಬ್ಬುವುದಕ್ಕೆ ಅಂತಲೇ ಆಗಿರುವುದು. ಎಲ್ಲ ಹಾಲನ್ನೂ ಒಟ್ಟಿಗೆ ಹಾಕಿದರೆ ಹಣ್ಣು ತೇಲಿಕೊಂಡು ಬ್ಲೇಡಿನಿಂದ ತಪ್ಪಿಸಿಕೊಳ್ಳುತ್ತದೆ, ಸಿಪ್ಪೆ ಚೂರು ಚೂರಾಗಿ ಉಳಿಯುತ್ತದೆ. ಚಟ್ನಿ ರುಬ್ಬುವಾಗ ಮೊದಲೇ ನೀರು ಜಾಸ್ತಿ ಮಾಡಿಕೊಂಡರೆ ನುಣ್ಣಗಾಗುವುದಿಲ್ಲ ಅಲ್ವಾ, ಹಾಗೇ ಇದು. ಅದಕ್ಕೆ ಮೊದಲು ಹಣ್ಣು, ನಾಲ್ಕೈದು ಚಮಚ ಮೊಸರು, ನಿಂಬೆರಸ, ಉಪ್ಪು, ಇಷ್ಟನ್ನೇ ಹಾಕಿ. ಪಲ್ಸ್ ಕೊಡಿ: ಒಂದು ಸೆಕೆಂಡ್ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ. ಹೀಗೆ ಎಂಟು ಹತ್ತು ಸಲ. ಗೋಡೆಗೆ ಹತ್ತಿದ್ದನ್ನು ಕೆರೆದು ಕೆಳಗೆ ತನ್ನಿ. ಆಮೇಲೆ ಇಪ್ಪತ್ತು ಸೆಕೆಂಡ್ ಬಿಡದೆ ತಿರುಗಿಸಿ. ಗಟ್ಟಿಯಾದ, ಕಪ್ಪಿಗೆ ತಿರುಗಿದ ನೇರಳೆ ಪೇಸ್ಟ್ ಆಗುತ್ತದೆ. ಈ ಪೇಸ್ಟ್ ನುಣ್ಣಗಾದರೆ ಮುಂದಿನದೆಲ್ಲ ಸುಲಭ.

5. ಈಗ ಮಿಕ್ಸಿಯವರು ಉಳಿದ ಮೊಸರು, ಓಟ್ಸ್ ನೆನೆದ ಹಾಲು, ಜೇನು, ವೆನಿಲಾ ಸೇರಿಸಿ ಇನ್ನು ಮೂವತ್ತು ಸೆಕೆಂಡ್ ತಿರುಗಿಸಿ. ಬ್ಲೆಂಡರ್‌ನವರು ನಿಧಾನದ ವೇಗದಲ್ಲಿ ಶುರು ಮಾಡಿ, ಹಣ್ಣು ಒಡೆಯುವ ಗಡಗಡ ಸದ್ದು ನಿಂತ ಮೇಲೆ ವೇಗ ಏರಿಸಿ, ಒಟ್ಟು ಒಂದು ನಿಮಿಷದ ಒಳಗೆ ಮುಗಿಸಿ. ಜಾರ್ ಮೂರರಲ್ಲಿ ಎರಡು ಭಾಗಕ್ಕಿಂತ ತುಂಬಿರಬಾರದು. ಮುಚ್ಚಳವನ್ನು ಕೈಯಲ್ಲಿ ಒತ್ತಿ ಹಿಡಿದುಕೊಳ್ಳಿ.

ತುಂಬಾ ಹೊತ್ತು ತಿರುಗಿಸಿದರೆ ಇನ್ನೂ ನುಣ್ಣಗಾಗುತ್ತದೆ ಅನ್ನಿಸಬಹುದು. ಒಂದು ಹಂತದ ಮೇಲೆ ಆಗುವುದು ಬೇರೆಯೇ. ಬ್ಲೇಡಿನ ತಿಕ್ಕಾಟಕ್ಕೆ ಸ್ಮೂದಿ ಬಿಸಿಯಾಗುತ್ತದೆ, ಗಾಳಿ ಸೇರಿ ನೊರೆಯಾಗುತ್ತದೆ. ನೊರೆಯಿಂದ ಬಣ್ಣವೂ ಪೇಲವವಾಗುತ್ತದೆ.

6. ಆಯ್ತಾ ಇಲ್ವಾ ಅಂತ ನೋಡಲು ಒಂದು ಬಿಳಿ ತಟ್ಟೆ ತಗೊಳ್ಳಿ. ಚಮಚದಿಂದ ಒಂದು ಹನಿ ಬಿಟ್ಟು, ತಟ್ಟೆಯನ್ನು ಓರೆ ಮಾಡಿ. ಹನಿ ಜಾರುವಾಗ ಅದರ ಹಿಂದೆ ಉಳಿಯುವ ತೆಳು ಗೆರೆಯನ್ನು ನೋಡಿ. ನೀಲಿ ಚುಕ್ಕಿಗಳು ಎಳ್ಳಿನಷ್ಟು ಕಂಡರೆ ಇನ್ನೊಂದು ಹತ್ತು ಸೆಕೆಂಡ್ ಬೇಕು. ರವೆಗಿಂತ ಸಣ್ಣ ಚುಕ್ಕಿಗಳಿದ್ದರೆ ಸಾಕು, ಅವು ಪೂರ್ತಿ ಮಾಯವಾಗುವುದಿಲ್ಲ. ಬ್ಲೂಬೆರಿಯ ಒಳಗೆ ತೀರಾ ಸಣ್ಣ ಬೀಜಗಳೂ ಇರುತ್ತವೆ, ನಾಲಿಗೆಗೆ ಸ್ವಲ್ಪ ಮರಳು ಮರಳಾಗಿ ಸಿಕ್ಕರೆ ಅವೇ. ಮಕ್ಕಳಿಗೋ ವಯಸ್ಸಾದವರಿಗೋ ಅದು ಹಿಡಿಸದಿದ್ದರೆ ಜರಡಿಯಲ್ಲಿ ಸೋಸಬಹುದು. ಆದರೆ ಸೋಸಿದರೆ ನಾರೂ ಸಿಪ್ಪೆಯೂ ಜರಡಿಯಲ್ಲೇ ಉಳಿಯುತ್ತವೆ. ನನಗೆ ಅದು ಇಷ್ಟವಿಲ್ಲ. ಸೋಸುವ ಬದಲು ಮೊದಲ ಪೇಸ್ಟ್ ಅನ್ನೇ ಇನ್ನಷ್ಟು ನುಣ್ಣಗೆ ಮಾಡಿ.

7. ಒಂದೆರಡು ನಿಮಿಷ ಬಿಟ್ಟು, ಚಮಚದಲ್ಲಿ ಒಮ್ಮೆ ತಿರುವಿ, ತಣ್ಣಗಾದ ಲೋಟಕ್ಕೆ ಸುರಿಯಿರಿ. ತಕ್ಷಣ ಕುಡಿಯಿರಿ.

ಹದ ತಪ್ಪಿದರೆ

ನೀರಾಗಿದ್ದರೆ ಇನ್ನೊಂದು ಹಿಡಿ ಹೆಪ್ಪುಗಟ್ಟಿದ ಹಣ್ಣು ಹಾಕಿ ತಿರುಗಿಸಿ. ಹಣ್ಣು ಮುಗಿದಿದ್ದರೆ ಒಂದು ಚಿಕ್ಕ ಚಮಚ ಚಿಯಾ ಬೀಜ ಹಾಕಿ, ಹತ್ತು ನಿಮಿಷ ಕಾಯಿರಿ. ಚಿಯಾ ತನ್ನ ತೂಕದ ಹತ್ತು ಪಟ್ಟು ನೀರು ಹೀರಿಕೊಂಡು ಲೋಳೆಯಾಗುತ್ತದೆ. ಮೊಸರನ್ನು ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ತುಂಡುಗಳಾಗಿ ಮಾಡಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು, ಎರಡು ತುಂಡು ಹಾಕಿದರೆ ಹದ ಕೂಡಿಬರುತ್ತದೆ.

ತೀರಾ ಗಟ್ಟಿಯಾಗಿದ್ದರೆ ಹಾಲನ್ನು ಚಮಚ ಚಮಚವಾಗಿ ಸೇರಿಸಿ. ಸುರಿದರೆ ಕೈ ಮೀರುತ್ತದೆ. ಒಗರು ಜಾಸ್ತಿ ಅನ್ನಿಸಿದರೆ ಕೊಬ್ಬಿನಂಶ ಬೇಕು ಅಂತ ಅರ್ಥ, ಒಂದು ಚಮಚ ಬಾದಾಮಿ ಬೆಣ್ಣೆಯೋ ನೆಲಗಡಲೆ ಬೆಣ್ಣೆಯೋ ಹಾಕಿದರೆ ಒಗರು ತಗ್ಗುತ್ತದೆ. ಹುಳಿ ಜಾಸ್ತಿಯಾದರೆ ಮಾತ್ರ ಸಿಹಿ ಹೆಚ್ಚಿಸಿ.

ಬಣ್ಣದ ವಿಷಯ

ಸಿಪ್ಪೆಯಲ್ಲಿರುವ ಬಣ್ಣಕ್ಕೆ ಆಂಥೋಸಯಾನಿನ್ ಅಂತ ಹೆಸರು. ಅದು ಹುಳಿಗೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಹುಳಿ ಹೆಚ್ಚಿದಷ್ಟೂ ಕೆಂಪಿನ ಕಡೆ, ಕಡಿಮೆಯಾದಷ್ಟೂ ನೀಲಿಯ ಕಡೆ, ಕ್ಷಾರ ಸೇರಿದರೆ ಹಸಿರಿನ ಕಡೆಗೂ ಹೋಗುತ್ತದೆ. ಬರೀ ಹಾಲಿನಲ್ಲಿ ಮಾಡಿದ ಸ್ಮೂದಿ ಬೂದು ಬೆರೆತ ನೀಲಿಯಾಗಿ ಕಾಣುವುದು, ಮೊಸರು ಮತ್ತು ನಿಂಬೆ ಹಾಕಿದ್ದು ಗುಲಾಬಿ ಬೆರೆತ ನೇರಳೆಯಾಗಿ ಅರಳುವುದು ಇದೇ ಕಾರಣಕ್ಕೆ. ಒಂದು ಸಲ ನಿಂಬೆರಸವಿಲ್ಲದೆ ಪೇಸ್ಟ್ ಮಾಡಿ, ಒಂದು ಚಮಚ ಪಕ್ಕಕ್ಕೆ ತೆಗೆದಿಟ್ಟು, ಆಮೇಲೆ ಅದಕ್ಕೆ ಎರಡು ಹನಿ ನಿಂಬೆ ಹಿಂಡಿ ನೋಡಿ. ಚಮಚದಲ್ಲೇ ಬಣ್ಣ ಬದಲಾಗುತ್ತದೆ. ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿ, ಅವರಿಗೆ ತುಂಬಾ ಖುಷಿಯಾಗುತ್ತದೆ.

ಪಾಲಕ್ ಸೇರಿಸುವವರಿಗೆ ಒಂದು ಮಾತು. ರುಚಿ ಕೆಡುವುದಿಲ್ಲ, ಆದರೆ ಹಸಿರೂ ನೇರಳೆಯೂ ಸೇರಿ ಮಣ್ಣಿನ ಬಣ್ಣ ಬರುತ್ತದೆ. ಒಂದು ಹಿಡಿಗಿಂತ ಜಾಸ್ತಿ ಬೇಡ, ವೈಲ್ಡ್ ಹಣ್ಣಾದರೆ ಬಣ್ಣ ಸ್ವಲ್ಪ ಉಳಿಯುತ್ತದೆ.

ಬಾಳೆಹಣ್ಣು ಹಾಕಬೇಕಾ?

ಎಲ್ಲರೂ ಹಾಕುತ್ತಾರೆ. ಮೇಲಿನ ಅಳತೆಯಲ್ಲಿ ನಾನು ಬೇಕೆಂದೇ ಬಿಟ್ಟಿದ್ದೇನೆ. ಬಾಳೆಹಣ್ಣು ಸಿಹಿ ಕೊಡುತ್ತದೆ, ಬೆಣ್ಣೆಯಂಥ ಹದ ಕೊಡುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರ ಪರಿಮಳ ಜೋರು. ಇಡೀ ಹಣ್ಣು ಹಾಕಿದರೆ ನೀವು ಕುಡಿಯುವುದು ನೇರಳೆ ಬಣ್ಣದ ಬಾಳೆಹಣ್ಣಿನ ಸ್ಮೂದಿ.

ಇನ್ನೊಂದು ಕಾರಣವೂ ಇದೆ. ಕತ್ತರಿಸಿದ ಬಾಳೆಹಣ್ಣು ಕಪ್ಪಾಗುವುದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವದಿಂದ. ಬೆರಿ ಹಣ್ಣುಗಳಲ್ಲಿ ಫ್ಲವನಾಲ್ ಎಂಬ ಒಳ್ಳೆಯ ಅಂಶಗಳಿರುತ್ತವೆ. ಈ ಕಿಣ್ವ ಅವನ್ನು ಹಾಳು ಮಾಡುತ್ತದಾ ಅಂತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಸಂಶೋಧಕರು ಜನರಿಗೆ ಸ್ಮೂದಿ ಕುಡಿಸಿಯೇ ಪರೀಕ್ಷೆ ಮಾಡಿದರು. 2023ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಬಾಳೆಹಣ್ಣಿನ ಸ್ಮೂದಿ ಕುಡಿದವರ ದೇಹ ಸೇರಿದ ಫ್ಲವನಾಲ್, ಬರೀ ಫ್ಲವನಾಲ್ ಕ್ಯಾಪ್ಸೂಲ್ ತಗೊಂಡಾಗಿನದಕ್ಕಿಂತ ಶೇಕಡ 84ರಷ್ಟು ಕಡಿಮೆ. ಬೆರಿಗಳ ಸ್ಮೂದಿಯಲ್ಲಿ ಆ ನಷ್ಟ ಕಾಣಲಿಲ್ಲ. ಅವರು ಅಳೆದದ್ದು ಫ್ಲವನಾಲ್ ಮಾತ್ರ, ನೀಲಿ ಬಣ್ಣದ ಅಂಶವನ್ನಲ್ಲ ಅನ್ನುವುದನ್ನೂ ನೆನಪಿಡಿ. ಬಾಳೆಹಣ್ಣು ಕೆಟ್ಟದ್ದು ಅಂತ ಇದರ ಅರ್ಥವಲ್ಲ, ಅದನ್ನು ಬೇರೆ ಹೊತ್ತಿಗೆ ತಿಂದರೆ ಆಯ್ತು. ಸ್ಮೂದಿ ಮಂದವಾಗಲು ಮೊಸರು, ಓಟ್ಸ್ ಸಾಕು. ಹಣ್ಣೇ ಬೇಕು ಅಂದರೆ ಹೆಪ್ಪುಗಟ್ಟಿಸಿದ ಮಾವಿನ ಹೋಳು ಹಾಕಿ, ಅದರಲ್ಲಿ ಈ ಕಿಣ್ವದ ಕಾಟ ಕಡಿಮೆ.

ಇದೇ ಅಳತೆಯಲ್ಲಿ ಬೇರೆ ರುಚಿ

ಹಾಲು ಮೊಸರು ತಗೊಳ್ಳದವರು ಬಾದಾಮಿ ಹಾಲು, ಓಟ್ಸ್ ಹಾಲು, ಸೋಯಾ ಹಾಲು ಯಾವುದನ್ನಾದರೂ ಬಳಸಬಹುದು. ಇವು ತೆಳು, ಆದ್ದರಿಂದ ನಾಲ್ಕು ಗಂಟೆ ನೆನೆಸಿದ ಎಂಟು ಹತ್ತು ಗೋಡಂಬಿಯನ್ನು ಹಣ್ಣಿನ ಪೇಸ್ಟ್ ಜೊತೆಗೇ ರುಬ್ಬಿ. ಮೊಸರಿನ ಹುಳಿ ಇರುವುದಿಲ್ಲವಾದ್ದರಿಂದ ನಿಂಬೆರಸ ಎರಡು ಚಿಕ್ಕ ಚಮಚ ಮಾಡಿ.

ಚಿಟಿಕೆ ದಾಲ್ಚಿನ್ನಿ ಪುಡಿ ಬ್ಲೂಬೆರಿಗೆ ಚೆನ್ನಾಗಿ ಹೊಂದುತ್ತದೆ. ತುರಿದ ಶುಂಠಿಯೂ ಅಷ್ಟೇ, ಕಾಲು ಚಮಚ ಸಾಕು. ನಿಂಬೆಯ ಹಳದಿ ಸಿಪ್ಪೆಯನ್ನು ಸಣ್ಣಗೆ ತುರಿದು ಹಾಕಿದರೆ ರಸಕ್ಕಿಂತಲೂ ಹೆಚ್ಚಿನ ಘಮ ಬರುತ್ತದೆ. ಅನಾನಸ್, ಕಿವಿ ಹಣ್ಣನ್ನು ಮಾತ್ರ ಹಾಲು ಮೊಸರಿನ ಜೊತೆ ಹಾಕಿ ಇಡಬೇಡಿ. ಅವುಗಳಲ್ಲಿರುವ ಕಿಣ್ವಗಳು ಹಾಲಿನ ಪ್ರೋಟೀನನ್ನು ಒಡೆದು ಸ್ವಲ್ಪ ಹೊತ್ತಿನಲ್ಲೇ ಕಹಿ ಮಾಡುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಬೇಯಿಸಿದ ಹಣ್ಣಿನ ಸ್ಮೂದಿ. ಅಳತೆಯ ಮೂರನೇ ಒಂದು ಭಾಗದಷ್ಟು ಬ್ಲೂಬೆರಿಯನ್ನು ಚಿಕ್ಕ ಪಾತ್ರೆಯಲ್ಲಿ, ನೀರು ಹಾಕದೆ, ಸಣ್ಣ ಉರಿಯಲ್ಲಿ ಬೇಯಿಸಿ. ಎರಡು ಮೂರು ನಿಮಿಷದಲ್ಲಿ ಹಣ್ಣುಗಳು ಒಂದೊಂದಾಗಿ ಪಟ್ ಅಂತ ಬಿರಿದು ರಸ ಬಿಡುತ್ತವೆ. ಜಾಮ್ ಕಾಯಿಸುವಾಗಿನ ಘಮ ಬರುತ್ತದೆ. ಚೆನ್ನಾಗಿ ಆರಿಸಿ, ಫ್ರಿಜ್‌ನಲ್ಲಿ ತಣ್ಣಗೆ ಮಾಡಿ, ಉಳಿದ ಹೆಪ್ಪುಗಟ್ಟಿದ ಹಣ್ಣಿನ ಜೊತೆ ರುಬ್ಬಿ. ಹಸಿ ಹಣ್ಣಿನ ತಾಜಾತನವೂ ಬೆಂದ ಹಣ್ಣಿನ ಆಳವಾದ ರುಚಿಯೂ ಎರಡೂ ಸಿಗುತ್ತವೆ. ಬೆಂದ ಸಿಪ್ಪೆ ಮೆತ್ತಗಾಗಿರುವುದರಿಂದ ಸಾಧಾರಣ ಮಿಕ್ಸಿಯಲ್ಲೂ ಬೆಣ್ಣೆಯ ಹಾಗೆ ನುಣ್ಣಗಾಗುತ್ತದೆ.

ಉಳಿದರೆ ಇಡಬಹುದಾ?

ಒಮ್ಮೆ ರಾತ್ರಿಯೇ ಮಾಡಿ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟಿದ್ದೆ. ಬೆಳಿಗ್ಗೆ ಬಾಟಲಿ ಬಗ್ಗಿಸಿದರೆ ಏನೂ ಬೀಳಲಿಲ್ಲ. ಒಳಗಿದ್ದುದೆಲ್ಲ ಒಂದೇ ಗಟ್ಟಿಯಾಗಿ, ಅಲ್ಲಾಡಿಸಿದರೆ ಜೆಲ್ಲಿಯ ಹಾಗೆ ತುಳುಕುತ್ತಿತ್ತು. ಕೆಟ್ಟುಹೋಯಿತೇನೋ ಅಂತ ಗಾಬರಿಯಾಯಿತು. ಕೆಟ್ಟಿರಲಿಲ್ಲ. ಬ್ಲೂಬೆರಿಯಲ್ಲಿ ಪೆಕ್ಟಿನ್ ಚೆನ್ನಾಗಿದೆ. ಜಾಮ್ ಗಟ್ಟಿಯಾಗುವುದು ಅದರಿಂದಲೇ. ಹಣ್ಣನ್ನು ನುಣ್ಣಗೆ ಒಡೆದಾಗ ಅದು ಹೊರಬಂದು ನಿಧಾನಕ್ಕೆ ಹೆಪ್ಪುಗಟ್ಟುತ್ತದೆ. ಎರಡು ಚಮಚ ಹಾಲು ಹಾಕಿ ಜೋರಾಗಿ ಕುಲುಕಿದರೆ ಮತ್ತೆ ಸ್ಮೂದಿಯಾಗುತ್ತದೆ. ಅಥವಾ ಹಾಗೇ ಚಮಚದಲ್ಲಿ ತಿನ್ನಬಹುದು, ಅದೂ ರುಚಿಯೇ.

ಇಡಲೇಬೇಕಾದರೆ ಗಾಜಿನ ಬಾಟಲಿಯ ಕುತ್ತಿಗೆ ತನಕ ತುಂಬಿ, ಬಿಗಿಯಾಗಿ ಮುಚ್ಚಿ, 24 ಗಂಟೆಯೊಳಗೆ ಮುಗಿಸಿ. ಅದಕ್ಕಿಂತ ಒಳ್ಳೆಯ ದಾರಿ ಅಂದರೆ ಐಸ್ ಟ್ರೇಗೆ ಸುರಿದು ಫ್ರೀಜ್ ಮಾಡುವುದು. ಬೇಕಾದಾಗ ಆರು ತುಂಡು, ಸ್ವಲ್ಪ ಹಾಲು ಹಾಕಿ ತಿರುಗಿಸಿದರೆ ಹೊಸದಾಗಿ ಮಾಡಿದ ಹಾಗೇ ಇರುತ್ತದೆ. ಬೆಳಿಗ್ಗೆ ಹೊತ್ತಿಲ್ಲದವರು ಒಂದೊಂದು ಚೀಲಕ್ಕೆ ಒಂದು ಸಲಕ್ಕಾಗುವಷ್ಟು ಹಣ್ಣು, ಓಟ್ಸ್, ಖರ್ಜೂರ ಹಾಕಿ ಫ್ರೀಜರ್‌ನಲ್ಲಿ ಸಾಲಾಗಿ ಇಟ್ಟುಕೊಳ್ಳಿ.

ಸ್ವಲ್ಪ ಎಚ್ಚರ

ಒಂದು ಕಪ್ ಬ್ಲೂಬೆರಿಯಲ್ಲಿ ಸುಮಾರು 84 ಕ್ಯಾಲೊರಿ, 15 ಗ್ರಾಂ ಸಕ್ಕರೆ, ಮೂರೂವರೆ ಗ್ರಾಂ ನಾರು ಇರುತ್ತದೆ. ಹಣ್ಣು ಹಗುರವೇ. ಭಾರವಾಗುವುದು ನಾವು ಸೇರಿಸುವ ಜೇನು, ಬಾದಾಮಿ ಬೆಣ್ಣೆ, ಐಸ್‌ಕ್ರೀಮ್‌ನಿಂದ. ಸಕ್ಕರೆ ಕಾಯಿಲೆ ಇರುವವರು ಜೇನು, ಖರ್ಜೂರ ಬಿಟ್ಟು, ಒಂದು ಚಿಕ್ಕ ಲೋಟಕ್ಕೆ ನಿಲ್ಲಿಸುವುದು ಒಳ್ಳೆಯದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ಳುವವರು ದಿನಾ ಕುಡಿಯುವ ಅಭ್ಯಾಸ ಶುರು ಮಾಡುವ ಮುಂಚೆ ವೈದ್ಯರಿಗೆ ಹೇಳಿ. ಬ್ಲೂಬೆರಿಯಲ್ಲಿ ವಿಟಮಿನ್ ಕೆ ಇದೆ, ಪಾಲಕ್ ಸೇರಿಸಿದರೆ ಇನ್ನೂ ಜಾಸ್ತಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಹಾಕಿದ್ದನ್ನು ಕೊಡಲೇಬಾರದು. ಫ್ರೀಜ್ ಮಾಡಿದ ಮಾತ್ರಕ್ಕೆ ವೈರಸ್‌ಗಳು ಸಾಯುವುದಿಲ್ಲ. ಹಾಗಾಗಿ ಬಸುರಿಯರಿಗೆ, ರೋಗ ತಡೆಯುವ ಶಕ್ತಿ ಕಡಿಮೆ ಇರುವವರಿಗೆ ಮಾಡುವಾಗ ಎಲ್ಲ ಹಣ್ಣನ್ನೂ ಒಂದು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ ಬಳಸಿ.

ಜಾರ್ ತೊಳೆಯುವುದು

ಸುರಿದ ಕೂಡಲೇ ಜಾರಿಗೆ ಅರ್ಧ ಲೋಟ ನೀರು ಹಾಕಿ ಹತ್ತು ಸೆಕೆಂಡ್ ತಿರುಗಿಸಿಬಿಡಿ. ಒಣಗಲು ಬಿಟ್ಟರೆ ಸಿಪ್ಪೆಯ ಚೂರು ಬ್ಲೇಡಿನ ಬುಡದಲ್ಲಿ, ರಬ್ಬರ್ ರಿಂಗಿನ ಸಂದಿಯಲ್ಲಿ ಅಂಟಿ ಕೂರುತ್ತದೆ. ರಿಂಗ್ ಬಿಚ್ಚಿ ಬೇರೆಯಾಗಿ ತೊಳೆಯಿರಿ, ವಾಸನೆ ಉಳಿಯುವುದು ಅಲ್ಲೇ. ಬಟ್ಟೆಯ ಮೇಲೆ ಚೆಲ್ಲಿದರೆ ಸೋಪು ಹಚ್ಚುವ ಮುಂಚೆ ಹಿಂಬದಿಯಿಂದ ತಣ್ಣೀರು ಬಿಟ್ಟು ಬಣ್ಣ ಇಳಿಸಿ, ಆಮೇಲೆ ಸ್ವಲ್ಪ ನಿಂಬೆರಸ ಉಜ್ಜಿ. ಸೋಪಿನ ಕ್ಷಾರ ತಾಗಿದರೆ ನೇರಳೆ ಕಲೆ ನೀಲಿಗೋ ಹಸಿರಿಗೋ ತಿರುಗುತ್ತದೆ. ಸಿಂಕಿನಲ್ಲಿ ಜಾರ್ ತೊಳೆಯುವಾಗಲೂ ನೋಡಿ, ಸೋಪಿನ ನೊರೆ ಸೇರಿದ ಕಡೆ ನೇರಳೆ ನೀರು ನೀಲಿಹಸಿರಾಗಿ ಹರಿದುಹೋಗುತ್ತದೆ.